ಕಲ್ಟ್ ಸಿನಿಮಾ, ಅನಿಮೆ ಮತ್ತು ನಮ್ಮ ಪಾಡ್‌ಕಾಸ್ಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ, ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ನಾನು ಮತ್ತು ನನ್ನ ತಮ್ಮ ಈ ಪಾಡ್‌ಕಾಸ್ಟ್ ಮಾಡುತ್ತೇವೆ. ಜನ ಜಗಳ ಆಡಿದ ಸಿನಿಮಾ, ನಿಷೇಧಕ್ಕೆ ಸಿಕ್ಕ ಸಿನಿಮಾ, ಬಂದಾಗ ಯಾರೂ ನೋಡದೆ ಆಮೇಲೆ ಕೆಲವರ ಎದೆಯಲ್ಲಿ ಕೂತುಬಿಟ್ಟ ಸಿನಿಮಾ, ದೊಡ್ಡವರಿಗಾಗಿಯೇ ಮಾಡಿದ ಅನಿಮೆ. ಇವೇ ನಮ್ಮ ವಿಷಯ. ಕೇಳುಗರು ಕಳಿಸುವ ಪ್ರಶ್ನೆಗಳಲ್ಲಿ ಕೆಲವು ಮತ್ತೆ ಮತ್ತೆ ಬರುತ್ತವೆ. ಅವಕ್ಕೆಲ್ಲ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ.

ಕಲ್ಟ್ ಸಿನಿಮಾ ಅಂದ್ರೆ ಏನು? ಹಳೇ ಹಿಟ್ ಸಿನಿಮಾಗಳೆಲ್ಲ ಕಲ್ಟ್ ಅಲ್ವಾ?

ಅಲ್ಲ. ಎಷ್ಟು ಜನ ನೋಡಿದರು ಅನ್ನುವುದಕ್ಕಿಂತ, ನೋಡಿದವರು ಎಷ್ಟು ಸಲ ವಾಪಸ್ ಹೋದರು ಅನ್ನುವುದು ಇಲ್ಲಿ ಮುಖ್ಯ. 1970ರ ಕೊನೆಯಲ್ಲಿ ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರದಲ್ಲಿ 'ಎಲ್ ಟೋಪೊ' ಎಂಬ ಚಿತ್ರವನ್ನು ಮಧ್ಯರಾತ್ರಿ ಹಾಕತೊಡಗಿದರು. ನೋಡಿದವರು ಗೆಳೆಯರನ್ನು ಕರೆತಂದರು, ಬಾಯಿಂದ ಬಾಯಿಗೆ ಸುದ್ದಿ ಹೋಗಿ ಅದು ತಿಂಗಳುಗಟ್ಟಲೆ ಓಡಿತು. 1975ರ 'ರಾಕಿ ಹಾರರ್ ಪಿಕ್ಚರ್ ಶೋ' ಮೊದಲು ನೆಲಕಚ್ಚಿತ್ತು. ಅದೂ ಮಧ್ಯರಾತ್ರಿ ಆಟಕ್ಕೆ ಬಂದ ಮೇಲೆ ಜನ ಪಾತ್ರಗಳ ವೇಷ ಹಾಕಿಕೊಂಡು ಬರತೊಡಗಿದರು. ಪರದೆಯ ಮೇಲಿನ ಮಾತಿಗೆ ಕೂತಲ್ಲಿಂದಲೇ ಉತ್ತರ ಕೊಟ್ಟರು. ಮದುವೆಯ ದೃಶ್ಯ ಬಂದರೆ ಅಕ್ಕಿ ತೂರಿದರು.

ಇದನ್ನು ಓದಿದಾಗ ನನಗೆ ನೆನಪಾಗಿದ್ದು ಬಾದಾಮಿಯ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟ್ ಹಾಕುತ್ತವೆ. ರಾತ್ರಿಯಿಡೀ ಆಟ. ಮುಂದಿನ ಮಾತು ಯಾವುದು ಅಂತ ಜನಕ್ಕೆ ಗೊತ್ತು, ಆದರೂ ಹಾಡು ಮುಗಿದ ಕೂಡಲೇ 'ಒನ್ಸ್ ಮೋರ್' ಅಂತ ಕೂಗು ಏಳುತ್ತದೆ. ನಟ ಮತ್ತೆ ಹಾಡುತ್ತಾನೆ. ನ್ಯೂಯಾರ್ಕಿನ ಆ ಮಧ್ಯರಾತ್ರಿಗಳು ಹೇಗಿದ್ದವು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಉದಾಹರಣೆ ಬೇಕಾದರೆ ಉಪೇಂದ್ರ ನಿರ್ದೇಶನದ 'ಓಂ' (1995) ಮತ್ತು 'ಎ' (1998). 'ಓಂ' ಹಿಟ್ಟೂ ಹೌದು, ಕಲ್ಟೂ ಹೌದು. ವರ್ಷಗಳ ಮೇಲೂ ಮತ್ತೆ ಮತ್ತೆ ಚಿತ್ರಮಂದಿರಕ್ಕೆ ಬರುತ್ತಲೇ ಇತ್ತು. ಅದರಲ್ಲಿ ಬೆಂಗಳೂರಿನ ನಿಜವಾದ ರೌಡಿಗಳೇ ಕಾಣಿಸಿಕೊಂಡಿದ್ದಾರೆ. ರೌಡಿಸಂ ಬಿಡಿ ಅಂತ ಹೇಳುವ ಸಿನಿಮಾ ರೌಡಿಗಳನ್ನೇ ನೋಡಲು ಚೆಂದ ಮಾಡಿಬಿಟ್ಟಿತಾ? ಈ ಪ್ರಶ್ನೆಗೆ ನಾವು ಒಂದು ಕಂತು ಪೂರ್ತಿ ಕೊಟ್ಟೆವು. ನನ್ನ ಉತ್ತರ ಹೌದು, ತಮ್ಮನದು ಅಲ್ಲ. ಇಬ್ಬರೂ ಇವತ್ತಿಗೂ ಪಟ್ಟು ಬಿಟ್ಟಿಲ್ಲ.

ಅನಿಮೆ ಅಂದ್ರೆ ಮಕ್ಕಳ ಕಾರ್ಟೂನ್ ತಾನೆ?

ಅನಿಮೆ ಅಂದರೆ ಜಪಾನಿನಲ್ಲಿ ಆದ ಅನಿಮೇಷನ್, ಅಷ್ಟೇ. ಅದರಲ್ಲಿ ಮಕ್ಕಳದ್ದೂ ಇದೆ, ದೊಡ್ಡವರದ್ದೂ ಇದೆ. 'ನಾನು ಅನಿಮೆ ನೋಡೇ ಇಲ್ಲ' ಅನ್ನುವವರನ್ನು ನಾನು ಕೇಳುವುದು ಒಂದೇ ಮಾತು: ತೊಂಬತ್ತರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ಮೋಗ್ಲಿ ನೋಡಿದ್ದೀರಾ? ಅದು ಜಪಾನಿನ ನಿಪ್ಪಾನ್ ಅನಿಮೇಷನ್ ಮಾಡಿದ ಸರಣಿ. ಓಣಿಯ ಮಕ್ಕಳೆಲ್ಲ ಒಂದೇ ಟಿವಿ ಮುಂದೆ ಕೂತು ನೋಡಿದ್ದು ಅನಿಮೆಯನ್ನೇ.

ದೊಡ್ಡವರ ಅನಿಮೆಗೆ ಮಾದರಿಯಾಗಿ ನಾವು ಯಾವಾಗಲೂ ಹೇಳುವುದು ಕತ್ಸುಹಿರೊ ಓತೊಮೊ ಅವರ 'ಅಕಿರಾ' (1988). ಕಂಪ್ಯೂಟರ್ ಇಷ್ಟು ಬೆಳೆಯದ ಕಾಲ. ಸುಮಾರು 1,60,000 ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲಿ ಬಣ್ಣ ಹಾಕಿ ಮಾಡಿದ ಚಿತ್ರ. ಜಪಾನಿನಲ್ಲಿ ಸಾಮಾನ್ಯವಾಗಿ ಚಿತ್ರ ಆದ ಮೇಲೆ ಮಾತು ಸೇರಿಸುತ್ತಾರೆ. ಇಲ್ಲಿ ಮಾತನ್ನು ಮೊದಲು ರೆಕಾರ್ಡ್ ಮಾಡಿ, ತುಟಿಯ ಚಲನೆಯನ್ನು ಅದಕ್ಕೆ ಹೊಂದಿಸಿ ಬಿಡಿಸಿದರು. ಕತ್ತಲ ರಸ್ತೆಯಲ್ಲಿ ಬೈಕು ಹೋದ ಮೇಲೂ ಅದರ ಹಿಂದಿನ ಕೆಂಪು ದೀಪ ಗಾಳಿಯಲ್ಲಿ ಗೆರೆಯಾಗಿ ಉಳಿಯುತ್ತದೆ. ಆ ಒಂದು ಗೆರೆಗಾಗಿ ನಾನು ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಅದೇ 1988ರ ಏಪ್ರಿಲ್‌ನಲ್ಲಿ ಜಪಾನಿನ ಚಿತ್ರಮಂದಿರಗಳಲ್ಲಿ ಒಂದೇ ಟಿಕೆಟ್ಟಿಗೆ ಎರಡು ಅನಿಮೆ ತೋರಿಸಿದರು. ಒಂದು 'ಮೈ ನೇಬರ್ ತೊತೊರೊ', ಮಕ್ಕಳು ನಕ್ಕು ನಲಿಯುವ ಚಿತ್ರ. ಇನ್ನೊಂದು ಇಸಾವೊ ತಕಹಾತ ಅವರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್', ಯುದ್ಧದಲ್ಲಿ ಅಣ್ಣ-ತಂಗಿ ಹಸಿವಿನಿಂದ ಸಾಯುವ ಕಥೆ. ಎರಡೂ ಒಂದೇ ಸ್ಟುಡಿಯೋದವು. ಇವುಗಳನ್ನು ಒಂದೇ ದಿನ ನೋಡಿ ಮನೆಗೆ ಹೋದ ಮಕ್ಕಳ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ.

ವಿವಾದದ ಸಿನಿಮಾಗಳೇ ಯಾಕೆ ಬೇಕು? ಒಳ್ಳೇ ಸಿನಿಮಾ ಬಗ್ಗೆ ಮಾತಾಡಬಾರದಾ?

ಇದು ನಮಗೆ ಬರುವ ಅತಿ ಹಳೇ ಪ್ರಶ್ನೆ. ಕೇಳುವವರು ಹೆಚ್ಚಾಗಿ ನಮ್ಮ ಸಂಬಂಧಿಕರೇ.

'ಸಂಸ್ಕಾರ'ದ ಕಥೆ ಹೇಳುತ್ತೇನೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿ, ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್. ಅಗ್ರಹಾರದಲ್ಲಿ ಒಂದು ಹೆಣ, ಅದಕ್ಕೆ ಯಾರು ಸಂಸ್ಕಾರ ಮಾಡಬೇಕು ಅನ್ನುವ ಜಗಳ. ಮದ್ರಾಸಿನ ಸೆನ್ಸಾರ್ ಮಂಡಳಿ ಚಿತ್ರಕ್ಕೆ ಅನುಮತಿ ಕೊಡಲಿಲ್ಲ. ಆಮೇಲೆ ಕೇಂದ್ರ ಸರ್ಕಾರದ ಮಟ್ಟದಲ್ಲಿ ಆ ತಡೆ ತೆರವಾಯಿತು. ಅದೇ ಚಿತ್ರ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ತೋರಿಸಲೇಬಾರದು ಅಂದ ಚಿತ್ರವೂ, ದೇಶದಲ್ಲೇ ಶ್ರೇಷ್ಠ ಅಂದ ಚಿತ್ರವೂ ಒಂದೇ. ಹಾಗಾದರೆ ಆ ಕೋಣೆಯಲ್ಲಿ ಕೂತು ಬೇಡ ಅಂದವರು ಏನು ನೋಡಿ ಹೆದರಿದರು? ನಮಗೆ ಬೇಕಿರುವುದು ಆ ಪ್ರಶ್ನೆ. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಜೈಲು ಸೇರಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಕಂತಿನಲ್ಲಿ ಇದನ್ನು ಹೇಳುವಾಗ ನನ್ನ ದನಿ ನಡುಗಿತ್ತು. ಅದನ್ನು ಕತ್ತರಿಸದೆ ಹಾಗೇ ಬಿಟ್ಟಿದ್ದೇವೆ.

ಇನ್ನೊಂದು ಕಾರಣವೂ ಇದೆ. ವಿವಾದದ ಸಿನಿಮಾ ಬಗ್ಗೆ ಸುಳ್ಳು ಬಹಳ ಹಬ್ಬುತ್ತದೆ. ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ 'ಎ ಕ್ಲಾಕ್‌ವರ್ಕ್ ಆರೆಂಜ್' (1971) ಬ್ರಿಟನ್ನಿನಲ್ಲಿ ನಿಷೇಧವಾಗಿತ್ತು ಅಂತ ಎಲ್ಲರೂ ಬರೆಯುತ್ತಾರೆ. ದೇಶಪೂರ್ತಿ ಯಾರೂ ನಿಷೇಧಿಸಿರಲಿಲ್ಲ. ಕ್ಯೂಬ್ರಿಕ್ ತಾವೇ ಹೇಳಿ ಅಲ್ಲಿ ಪ್ರದರ್ಶನ ನಿಲ್ಲಿಸಿದರು. 1999ರಲ್ಲಿ ಅವರು ತೀರಿಕೊಳ್ಳುವವರೆಗೂ ಅಲ್ಲಿ ಚಿತ್ರ ಮತ್ತೆ ಬಿಡುಗಡೆ ಆಗಲಿಲ್ಲ. ಸರ್ಕಾರ ತಡೆಯುವುದಕ್ಕೂ, ಮಾಡಿದವರೇ ಹಿಂದೆ ತೆಗೆದುಕೊಳ್ಳುವುದಕ್ಕೂ ಭೂಮಿ-ಆಕಾಶದ ವ್ಯತ್ಯಾಸ ಇದೆ ಅಲ್ವಾ? ಪ್ರತಿ ಕಂತಿನಲ್ಲೂ ಮೊದಲ ಹತ್ತು ನಿಮಿಷ ನಾವು ಇಷ್ಟೇ ಮಾಡುತ್ತೇವೆ: ಯಾರು ತಡೆದರು, ಯಾಕೆ ತಡೆದರು, ನಿಜವಾಗಲೂ ತಡೆದರಾ.

ಅಕ್ಕಾ, ತಮ್ಮನ ಜೊತೆ ಕೂತು ಇಂಥ ಸಿನಿಮಾ ಮಾತಾಡೋಕೆ ಮುಜುಗರ ಆಗಲ್ವಾ?

ಮೊದಮೊದಲು ಆಗುತ್ತಿತ್ತು. ಸಿನಿಮಾವನ್ನು ಇಬ್ಬರೂ ಬೇರೆ ಬೇರೆ ನೋಡುತ್ತೇವೆ. ಟಿಪ್ಪಣಿ ಬರೆದುಕೊಂಡು ಬಂದು ಕೂಡುತ್ತೇವೆ. ಇಷ್ಟು ಮಾಡಿದ ಮೇಲೆ ಅರ್ಧ ಮುಜುಗರ ಹೋಯಿತು.

ಉಳಿದರ್ಧ ಹೋಗಿದ್ದು 'ಪರ್ಫೆಕ್ಟ್ ಬ್ಲೂ' ಕಂತಿನಲ್ಲಿ. ಸತೋಶಿ ಕೊನ್ ಅವರ ಮೊದಲ ಚಿತ್ರ, 1997ರದು. ಮಿಮಾ ಎಂಬ ಹುಡುಗಿ ಹಾಡುವ ತಂಡ ಬಿಟ್ಟು ನಟಿಯಾಗುತ್ತಾಳೆ. ಇಂಟರ್ನೆಟ್ಟಿನಲ್ಲಿ ಯಾರೋ ಅವಳ ಹೆಸರಲ್ಲಿ ದಿನಚರಿ ಬರೆಯುತ್ತಿರುತ್ತಾರೆ. ಅವಳು ಬೆಳಿಗ್ಗೆ ರೈಲು ಇಳಿಯುವಾಗ ಯಾವ ಕಾಲು ಮೊದಲು ಇಟ್ಟಳು ಅನ್ನುವುದು ಕೂಡ ಅದರಲ್ಲಿ ಇರುತ್ತದೆ. ಇವತ್ತಿನ ಫೋನು, ಇವತ್ತಿನ ಹುಡುಗಿಯರ ಭಯ, ಎಲ್ಲವೂ ಆಗಲೇ ಅಲ್ಲಿದೆ. ಅದರಲ್ಲಿ ಮಿಮಾ ಒಂದು ಅತ್ಯಾಚಾರದ ದೃಶ್ಯದಲ್ಲಿ ನಟಿಸಬೇಕಾಗುತ್ತದೆ. ಆ ದೃಶ್ಯ ಬೇಕಿತ್ತಾ ಬೇಡವಾಗಿತ್ತಾ ಅನ್ನುವುದೇ ದೊಡ್ಡ ವಿವಾದ. ತಮ್ಮ ನನಗೆ ಒಂದು ಕ್ಷಣ ತೋರಿಸಿದ. ಶೂಟಿಂಗ್ ನಡುವೆ ಕ್ಯಾಮೆರಾ ನಿಲ್ಲುತ್ತದೆ. ಎದುರಿನ ನಟ ಮೆಲ್ಲಗೆ ಮಿಮಾಗೆ ಕ್ಷಮೆ ಕೇಳುತ್ತಾನೆ. ಪರವಾಗಿಲ್ಲ ಅನ್ನುತ್ತಾಳೆ. ಮತ್ತೆ ಕ್ಯಾಮೆರಾ ಶುರು. ಎಲ್ಲವೂ ಬರೀ ನಟನೆ ಅಂತ ಅಷ್ಟು ಸ್ಪಷ್ಟವಾಗಿ ತೋರಿಸಿದ ಮೇಲೂ ಅವಳಿಗೆ ಆದ ಗಾಯ ನಿಜವೇ. 'ಅಕ್ಕಾ, ನಾ ಈ ದೃಶ್ಯ ಮೊದಲ ಸಲ ನೋಡಿದಾಗ ಆ ಕ್ಷಮೆ ಕೇಳಿದ್ದು ಗಮನಿಸೇ ಇರಲಿಲ್ಲ' ಅಂದ. ಒಬ್ಬ ಇಪ್ಪತ್ತೆರಡರ ಹುಡುಗ ಅದನ್ನು ಮೈಕ್ ಮುಂದೆ ಹೇಳಿದ್ದು ನನಗೆ ದೊಡ್ಡ ವಿಷಯ. ಅಕ್ಕ-ತಮ್ಮ ಇಂಥದ್ದನ್ನು ಮಾತಾಡದೆ ಇದ್ದರೆ ಅವನು ಇದನ್ನು ಯಾರ ಹತ್ತಿರ ಮಾತಾಡಬೇಕಿತ್ತು?

ಮಕ್ಕಳ ಮುಂದೆ ಕೇಳಬಹುದಾ?

ಎಲ್ಲ ಕಂತನ್ನೂ ಅಲ್ಲ. ಪ್ರತಿ ಕಂತಿನ ಶುರುವಿನಲ್ಲೇ ಏನೇನು ಬರುತ್ತದೆ ಅಂತ ಹೇಳುತ್ತೇವೆ: ಹೊಡೆದಾಟ, ಲೈಂಗಿಕ ಹಿಂಸೆ, ಆತ್ಮಹತ್ಯೆ, ಏನಿದ್ದರೂ. ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಅಂತಲೂ ವಿವರಣೆಯಲ್ಲಿ ಬರೆದಿರುತ್ತೇವೆ.

ಇದನ್ನು ನಾವು ಕಲಿತದ್ದು ತಪ್ಪು ಮಾಡಿ. ಮೇಲೆ ಹೇಳಿದ 'ಪರ್ಫೆಕ್ಟ್ ಬ್ಲೂ' ಕಂತನ್ನು ಮೊದಲ ಸಲ ಯಾವ ಸೂಚನೆಯೂ ಇಲ್ಲದೆ ಹಾಕಿದ್ದೆವು. ಒಬ್ಬ ಕೇಳುಗರು ಬರೆದರು. ಅಡುಗೆ ಮಾಡುತ್ತ ಕೇಳುತ್ತಿದ್ದರಂತೆ, ಆ ಭಾಗ ಬಂದಾಗ ಕೈಕಾಲು ತಣ್ಣಗಾಯಿತಂತೆ. ಅವರು ಬೈದಿರಲಿಲ್ಲ. ಮೊದಲೇ ಹೇಳಬೇಕಿತ್ತು ಅಂದಿದ್ದರು, ಅಷ್ಟೇ. ಅವತ್ತೇ ಕಂತು ತೆಗೆದೆವು. ಸೂಚನೆ ಸೇರಿಸಿ, ಆ ಭಾಗವನ್ನು ಮತ್ತೆ ಮಾತಾಡಿ, ಎರಡು ವಾರದ ಮೇಲೆ ಹಾಕಿದೆವು. ಆ ಅಕ್ಕನಿಗೆ ಇಲ್ಲಿಂದಲೇ ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ.

ಮಕ್ಕಳ ಜೊತೆ ಕೇಳಬೇಕು ಅಂದರೆ 'ರಾಮಾಯಣ' ಅನಿಮೆ ಕುರಿತ ಕಂತು ಹಾಕಿ. ಯೂಗೊ ಸಾಕೊ ಎಂಬ ಜಪಾನಿ ನಿರ್ದೇಶಕರು ನಮ್ಮ ದೇಶದ ಅನಿಮೇಷನ್ ಕಲಾವಿದ ರಾಮ್ ಮೋಹನ್ ಅವರ ಜೊತೆ ಸೇರಿ ಮಾಡಿದ ಚಿತ್ರ ಅದು. ಹೊರಗಿನವರು ರಾಮನನ್ನು ಕಾರ್ಟೂನ್ ಮಾಡುತ್ತಾರೆ ಅಂತ ಮೊದಲು ಆಕ್ಷೇಪ ಬಂತು. ಚಿತ್ರ ತಯಾರಾದದ್ದು 1992ರಲ್ಲಿ. ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2025ರ ಜನವರಿಯಲ್ಲಿ. ನಡುವೆ ಅದನ್ನು ಉಳಿಸಿದ್ದು ಟಿವಿಯಲ್ಲಿ ನೋಡಿ ಮರೆಯದ ಮಕ್ಕಳು. ಕಲ್ಟ್ ಅಂದರೆ ಇದೇ.

ನೀವು ಮಾತಾಡದ ಸಿನಿಮಾ ಇದೆಯಾ?

ಇದೆ. ಮಕ್ಕಳನ್ನು ಲೈಂಗಿಕವಾಗಿ ತೋರಿಸುವ ಯಾವುದನ್ನೂ ನಾವು ಮುಟ್ಟುವುದಿಲ್ಲ. 'ಬರೀ ಚಿತ್ರ ತಾನೆ' ಅನ್ನುವ ವಾದ ನಮ್ಮ ಹತ್ತಿರ ನಡೆಯುವುದಿಲ್ಲ. ಅನಿಮೆಯ ಮೇಲೆ ಬರುವ ಈ ದೂರು ಹಲವು ಕಡೆ ನಿಜ, ಅದನ್ನು ಮುಚ್ಚಿಡುವುದರಿಂದ ಅನಿಮೆಗೆ ಒಳ್ಳೆಯದಾಗುವುದಿಲ್ಲ.

'ಕ್ಯಾನಿಬಲ್ ಹೋಲೋಕಾಸ್ಟ್' (1980) ಬಗ್ಗೆ ಬಹಳ ಜನ ಕೇಳುತ್ತಾರೆ. ನಟರು ಬದುಕಿದ್ದಾರೆ ಅಂತ ಅದರ ನಿರ್ದೇಶಕ ಇಟಲಿಯಲ್ಲಿ ಸಾಬೀತು ಮಾಡಬೇಕಾಯಿತು, ಅಷ್ಟು ದೊಡ್ಡ ಗಲಾಟೆ. ಆದರೆ ಅದರಲ್ಲಿ ಪ್ರಾಣಿಗಳನ್ನು ನಿಜವಾಗಲೂ ಕೊಂದಿದ್ದಾರೆ. ನಾನು ನೋಡುವುದಿಲ್ಲ.

ಸೆನ್ಸಾರ್ ಬೋರ್ಡ್ ಹೇಗೆ ಕೆಲಸ ಮಾಡುತ್ತೆ?

1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ, ಚಿತ್ರಮಂದಿರದಲ್ಲಿ ತೋರಿಸುವ ಸಿನಿಮಾಕ್ಕೆ ಪ್ರಮಾಣಪತ್ರ ಬೇಕು. 1983ರಿಂದ ಅದನ್ನು ಕೊಡುವ ಮಂಡಳಿಯ ಹೆಸರಲ್ಲಿ 'ಸೆನ್ಸಾರ್' ಇಲ್ಲ, 'ಪ್ರಮಾಣೀಕರಣ ಮಂಡಳಿ' ಅಂತ ಇದೆ. ಬೆಂಗಳೂರಿನಲ್ಲಿ ಅದರ ಪ್ರಾದೇಶಿಕ ಕಚೇರಿ ಇದೆ. ಯು, ಯುಎ, ಎ ಎಲ್ಲರಿಗೂ ಗೊತ್ತು. 2023ರ ತಿದ್ದುಪಡಿಯಲ್ಲಿ ಯುಎಯನ್ನು 7, 13, 16 ವರ್ಷದ ಮೇಲಿನವರು ಅಂತ ಮೂರು ಮಾಡಿದ್ದಾರೆ. ಇದು ಒಳ್ಳೆಯ ಕೆಲಸ, ಅಪ್ಪ-ಅವ್ವಂದಿರಿಗೆ ಈಗ ಏನಾದರೂ ತಿಳಿಯುತ್ತದೆ.

ನನಗೆ ಬೇಸರ ತಂದದ್ದು 2021ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯನ್ನು ತೆಗೆದದ್ದು. ಈಗ ಮಂಡಳಿಯ ತೀರ್ಮಾನ ಒಪ್ಪದಿದ್ದರೆ ಹೈಕೋರ್ಟಿಗೇ ಹೋಗಬೇಕು. ಸಾಲ ಮಾಡಿ ಸಿನಿಮಾ ಮಾಡಿದ ಚಿಕ್ಕ ನಿರ್ಮಾಪಕ ಅಲ್ಲಿತನಕ ಹೋಗುತ್ತಾನಾ? ಕೊಟ್ಟ ಕತ್ತರಿಗೆ ತಲೆ ಬಗ್ಗಿಸುತ್ತಾನೆ.

ಕೋರ್ಟಿನ ಒಂದು ಮಾತು ನೆನಪಿಡಬೇಕು. ಶೇಖರ್ ಕಪೂರ್ ಅವರ 'ಬ್ಯಾಂಡಿಟ್ ಕ್ವೀನ್' ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಚಿತ್ರದ ಪರ ನಿಂತಿತು. ಹೆಣ್ಣನ್ನು ಬೆತ್ತಲೆ ಮಾಡಿ ನಡೆಸುವ ದೃಶ್ಯ ಆಸೆ ಹುಟ್ಟಿಸಲು ಇಟ್ಟದ್ದಲ್ಲ, ಅವಳಿಗೆ ಆದ ಅವಮಾನದ ಮೇಲೆ ಸಿಟ್ಟು ಹುಟ್ಟಿಸಲು ಇಟ್ಟದ್ದು ಅನ್ನುವುದು ಆ ತೀರ್ಪಿನ ಸಾರ. ಒಂದು ದೃಶ್ಯವನ್ನು ಅಳೆಯಲು ನಮಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ.

ಕೊನೆಯನ್ನು ಮೊದಲೇ ಹೇಳಿಬಿಡ್ತೀರಾ?

ಹೇಳುತ್ತೇವೆ, ಆದರೆ 'ಈಗ ಹೇಳುತ್ತೇವೆ' ಅಂತ ತಿಳಿಸಿದ ಮೇಲೆ. ಕೊನೆ ಮುಟ್ಟದೆ 'ಇವಾಂಜೆಲಿಯನ್' ಬಗ್ಗೆ ಮಾತಾಡುವುದು ಹೇಗೆ? 1995-96ರಲ್ಲಿ ಬಂದ 26 ಕಂತುಗಳ ಅನಿಮೆ ಸರಣಿ. ಕೊನೆಯ ಎರಡು ಕಂತು ಪೂರ್ತಿ ಕಥಾನಾಯಕ ಹುಡುಗನ ಮನಸ್ಸಿನ ಒಳಗೇ ನಡೆಯುತ್ತವೆ. ಅಭಿಮಾನಿಗಳು ಸಿಟ್ಟಾದರು. 1997ರಲ್ಲಿ ಅದರ ನಿರ್ದೇಶಕ ಹಿದೆಯಾಕಿ ಅನ್ನೊ ಬೇರೊಂದು ಕೊನೆಯನ್ನು ಸಿನಿಮಾ ಮಾಡಿದರು, ತಮಗೆ ಬಂದ ಬೈಗುಳದ ಪತ್ರಗಳನ್ನೇ ಅದರೊಳಗೆ ಒಂದು ಮಿಂಚಿನಷ್ಟು ಹೊತ್ತು ತೋರಿಸಿದರು.

ಕೊನೆ ಗೊತ್ತಾದರೆ ರುಚಿ ಹೋಗುತ್ತದೆ ಅನ್ನುವವರಿಗೆ ನನ್ನದೊಂದು ಮಾತು. ಬೈಲಹೊಂಗಲ ಸೀಮೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟ, ಅಂದರೆ ನಮ್ಮ ಕಡೆಯ ಜನಪದ ನಾಟಕ, ಹುಟ್ಟಿದ್ದು ನಿಜವಾಗಿ ನಡೆದ ಒಂದು ಕೊಲೆಯಿಂದ. ಸಂಗ್ಯಾ ಸಾಯುತ್ತಾನೆ, ಗೆಳೆಯನೇ ಕೈಕೊಡುತ್ತಾನೆ ಅಂತ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಜನ ಚಾಪೆ ಹಾಸಿಕೊಂಡು ಬೆಳತನಕ ಕೂತಿರುತ್ತಾರೆ.

ಸಿನಿಮಾ ಲಿಂಕ್ ಕಳಿಸಿ ಅಕ್ಕಾ.

ಕದ್ದ ಲಿಂಕ್ ಕಳಿಸುವುದಿಲ್ಲ. ಸಕ್ರಮವಾಗಿ ಎಲ್ಲಿ ಸಿಗುತ್ತದೆ ಅಂತ ಕಂತಿನ ವಿವರಣೆಯಲ್ಲಿ ಬರೆಯುತ್ತೇವೆ. ಸಿಗದಿದ್ದರೆ ಸಿಗುವುದಿಲ್ಲ ಅಂತಲೇ ಬರೆಯುತ್ತೇವೆ. ಸಿನಿಮಾದ ಧ್ವನಿ ತುಣುಕು ಬಳಸುವುದು ತೀರಾ ಕಡಿಮೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ, ಆದರೆ ನಮಗೆ ಮಾತೇ ಸಾಕು.

ಜಪಾನಿ ಹೆಸರುಗಳನ್ನು ಯಾಕೆ ಹೀಗೆ ಬರೀತೀರಿ?

ಇದು ನನ್ನ ಪ್ರೀತಿಯ ಪ್ರಶ್ನೆ. ಜಪಾನಿಯಲ್ಲಿ ಒ ಮತ್ತು ಓ ಬೇರೆ ಬೇರೆ, ಎ ಮತ್ತು ಏ ಬೇರೆ ಬೇರೆ. ಕನ್ನಡದಲ್ಲೂ ಹಾಗೇ. ಇಂಗ್ಲಿಷಿನಲ್ಲಿ ಇದು ಕಾಣುವುದಿಲ್ಲ, ಹಿಂದಿಯ ಬರವಣಿಗೆಯಲ್ಲೂ ಈ ಭೇದ ಇಲ್ಲ. 'ಓತೊಮೊ' ಅಂತ ಬರೆದರೆ ಮೊದಲಿನದು ಉದ್ದ, ಮುಂದಿನ ಎರಡು ಗಿಡ್ಡ, ಜಪಾನಿನವರು ಅನ್ನುವುದೂ ಹಾಗೇ. 'ಅನಿಮೆ' ಅನ್ನುವ ಪದವೇ ನಮ್ಮ ಲಿಪಿಯಲ್ಲಿ ಇದ್ದ ಹಾಗೇ ಕೂಡುತ್ತದೆ. 'ಎನಿಮೇ' ಅಂತ ಎಳೆಯಬೇಡಿ.

ಎಲ್ಲಿ, ಹೇಗೆ ರೆಕಾರ್ಡ್ ಮಾಡ್ತೀರಿ?

ಬನಹಟ್ಟಿ ಅಂದರೆ ಮಗ್ಗ. ಹಿಂದಿನ ಮನೆ, ಪಕ್ಕದ ಮನೆ, ಎದುರಿನ ಮನೆ, ಎಲ್ಲ ಕಡೆ ಪವರ್‌ಲೂಮ್. ಆ ಖಟಖಟ ಸದ್ದು ಇದ್ದರೆ ಮೈಕಿನಲ್ಲಿ ಬೇರೇನೂ ಕೇಳುವುದಿಲ್ಲ. ಹಾಗಾಗಿ ಕರೆಂಟ್ ಹೋಗುವುದನ್ನೇ ಕಾಯುತ್ತೇವೆ. ಕರೆಂಟ್ ಹೋಯಿತೋ, ಓಣಿ ಪೂರ್ತಿ ಒಂದೇ ಸಲ ಸುಮ್ಮನಾಗುತ್ತದೆ. ಬ್ಯಾಟರಿಯ ರೆಕಾರ್ಡರ್ ಹಿಡಿದು ಮೆಟ್ಟಿಲು ಹತ್ತುತ್ತೇವೆ. ಇಲ್ಲದಿದ್ದರೆ ರಾತ್ರಿ ಮಗ್ಗ ನಿಂತ ಮೇಲೆ.

ಗೋಡೆಗೆ ಅಜ್ಜಿ ಹೊಲಿದ ನಾಲ್ಕು ಕೌದಿ ತೂಗುಹಾಕಿದ್ದೇವೆ. ಹಳೇ ಇಳಕಲ್ ಸೀರೆ, ಧೋತರ, ಅಪ್ಪನ ಅಂಗಿ, ಎಲ್ಲ ಪದರ ಪದರವಾಗಿ ಅದರಲ್ಲಿವೆ. ಆ ದಪ್ಪ ಬಟ್ಟೆ ದನಿಯನ್ನು ಕುಡಿಯುತ್ತದೆ, ಗೋಡೆಗೆ ಬಡಿದು ವಾಪಸ್ ಬರಲು ಬಿಡುವುದಿಲ್ಲ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಪಿಸುಮಾತು ಸುತ್ತಿ ಸುತ್ತಿ ಬಂದು ಕಿವಿಗೆ ಬೀಳುವುದು ಎಷ್ಟು ಚೆಂದ! ಆದರೆ ಪಾಡ್‌ಕಾಸ್ಟಿಗೆ ಅದರ ಪೂರ್ತಿ ಉಲ್ಟಾ ಬೇಕು. ಹೊಸದಾಗಿ ಶುರು ಮಾಡುವವರು ದುಬಾರಿ ಮೈಕ್ ತರುವ ಮೊದಲು ಮನೆಯ ಕೌದಿ ಹುಡುಕಿ.

ಮನೆಯಲ್ಲಿ ಏನಂತಾರೆ?

ಅವ್ವ ಮೊದಲು ಕೇಳುತ್ತಿರಲಿಲ್ಲ. ಒಂದು ಸಂಜೆ ಅಡುಗೆಮನೆ ಪಕ್ಕ ಕೂತು 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಕಂತನ್ನು ಸ್ಪೀಕರ್ ಹಾಕಿ ಎಡಿಟ್ ಮಾಡುತ್ತಿದ್ದೆವು. ಅವ್ವ ಸತ್ತ ಮೇಲೆ ಆ ಅಣ್ಣ-ತಂಗಿ ಕೆಲಕಾಲ ಅತ್ತೆಯ ಮನೆಯಲ್ಲಿ ಇರುತ್ತಾರೆ. ತಂಗಿಯ ಹತ್ತಿರ ಒಂದು ಪೆಪ್ಪರಮೆಂಟಿನ ಡಬ್ಬಿ ಇರುತ್ತದೆ. ಅವಳು ಸತ್ತ ಮೇಲೆ ಅಣ್ಣ ಅವಳ ಅಸ್ಥಿಯನ್ನು ಅದೇ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾನೆ. ಅದನ್ನು ನಾನು ಹೇಳುವ ಭಾಗ ನಡೆಯುತ್ತಿತ್ತು. ರೊಟ್ಟಿ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಕರ್ರಗಾದ ವಾಸನೆ ಬಂತು.

'ಆ ಅತ್ತಿ ಒಂದ್ ತುತ್ತು ಹಾಕಬಾರದಿತ್ತೇನ?' ಅಂದಳು ಅವ್ವ. 'ಅವರವ್ವನ ಸೀರಿ ಮಾರಿ ಅಕ್ಕಿ ತಂದಾಳ, ಆ ಮಕ್ಕಳಿಗೇ ಗಂಜಿ ನೀರು ಹಾಕ್ತಾಳ.'

ಪಕ್ಕದ ಮನೆಯ ಕಾಕಾ ಒಪ್ಪಲಿಲ್ಲ. ಯುದ್ಧದಾಗ ಎಲ್ಲರಿಗೂ ಹಸಿವು, ಆ ಹುಡುಗ ಸೊಕ್ಕು ಬಿಟ್ಟು ದುಡೀಬೇಕಿತ್ತು ಅಂದರು. ಅತ್ತೆಯ ತಪ್ಪೋ ಹುಡುಗನ ತಪ್ಪೋ ಅಂತ ಈ ಚಿತ್ರ ನೋಡಿದವರೆಲ್ಲ ವಾದ ಮಾಡುತ್ತಲೇ ಬಂದಿದ್ದಾರೆ. ಅದೇ ವಾದ ಅವತ್ತು ನಮ್ಮ ಕಟ್ಟೆಯ ಮೇಲೆ ಒಂಬತ್ತರವರೆಗೆ ನಡೆಯಿತು. ಅವರಿಬ್ಬರೂ ಚಿತ್ರ ನೋಡಿರಲಿಲ್ಲ. ಮುಂದಿನ ಭಾನುವಾರ ಕೂತು ಪೂರ್ತಿ ನೋಡಿದರು.

ಮುಂದೆ ಯಾವುದು?

ಕಮಲ್ ಸ್ವರೂಪ್ ಅವರ 'ಓಂ ದರ್-ಬ-ದರ್'. 1988ರಲ್ಲಿ ಮುಗಿದ ಹಿಂದಿ ಚಿತ್ರ, ನಮ್ಮ ಚಿತ್ರಮಂದಿರಗಳಿಗೆ ಬಂದದ್ದು 2014ರಲ್ಲಿ. ನಡುವಿನ 26 ವರ್ಷ ಕೈಯಿಂದ ಕೈಗೆ ಕ್ಯಾಸೆಟ್ಟಿನಲ್ಲಿ ಓಡಾಡಿಕೊಂಡಿತ್ತು. ಕಥೆ ಕೈಗೆ ಸಿಗುವುದಿಲ್ಲ, ಆದರೆ ಬಿಟ್ಟು ಏಳಲೂ ಆಗುವುದಿಲ್ಲ. ತಮ್ಮ ಮೂರು ಸಲ ನೋಡಿದ್ದಾನೆ, ನಾನು ಎರಡು ಸಲ. ನನ್ನ ಮೂರನೆಯದು ಈ ಭಾನುವಾರ. ಆಮೇಲೆ ಕರೆಂಟ್ ಹೋದ ದಿನ ರೆಕಾರ್ಡಿಂಗ್.